ಬಿಸಿಯಾದ ಡಬ್ಬ

ಗಣಿಯ ಲಿಫ್ಟಿನ ಪಕ್ಕದ ತಗಡಿನ ಕೋಣೆಯಲ್ಲಿ ಹೊಸಬರಿಗೆ ಸುರಕ್ಷತೆಯ ಪಾಠ ಹೇಳುವವರನ್ನು ಎಲ್ಲರೂ ಡಬ್ಬದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರ ಪಾಠವೆಲ್ಲ ಒಂದು ಉಕ್ಕಿನ ಡಬ್ಬದ ಸುತ್ತ. ಕೆಳಗೆ ವಿಷಗಾಳಿ ತುಂಬಿಕೊಂಡರೆ ಅದರ ಮುಚ್ಚಳ ಕಿತ್ತು, ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿ ಉಸಿರಾಡಬೇಕು. ಒಳಗಿನ ಮದ್ದು ಉಸಿರು ತಾಗಿದರೆ ಆಮ್ಲಜನಕ ಬಿಟ್ಟು ಅರ್ಧ ಗಂಟೆಯ ಪ್ರಾಣ ಕೊಡುತ್ತದೆ. ಗಣಿಗೆ ಇಳಿಯುವ ಪ್ರತಿಯೊಬ್ಬರ ಸೊಂಟದಲ್ಲೂ ಅದು ಇರಲೇಬೇಕು.

ಪಾಠಕ್ಕೆ ಮಾತ್ರ ಬೇರೆ ಡಬ್ಬ. ಮದ್ದಿನ ಬದಲು ಮರಳು, ಅದೇ ತೂಕ, ಅದೇ ಬಣ್ಣ. ಗುರುತಿಗೆ ಸುತ್ತಿದ್ದ ನೀಲಿ ಪಟ್ಟಿ ನೂರಾರು ಕೈ ತಾಗಿ ಯಾವಾಗಲೋ ಕಿತ್ತುಹೋಗಿತ್ತು. ಉಳಿದದ್ದು ಒಂದೇ ಗುರುತು: ಮದ್ದಿನ ಡಬ್ಬದ ತಳದಲ್ಲಿ ನಂಬರು ಕೊರೆದಿರುತ್ತದೆ, ಮರಳಿನದರ ತಳ ಬೋಳು.

“ಬೆಳಗ್ಗೆ ದೇವರಿಗೆ ಕೈ ಮುಗೀತೀರಲ್ಲ, ಹಾಗೇ ಡಬ್ಬ ತಿರುಗಿಸಿ ತಳ ನೋಡಿ” ಎಂದು ಮೇಷ್ಟ್ರು ಹತ್ತೊಂಬತ್ತು ವರ್ಷಗಳಿಂದ ಹೇಳುತ್ತ ಬಂದಿದ್ದರು.

ಅಂದು ಒಂಬತ್ತು ಮಂದಿ ಹೊಸಬರು ಬೆಂಚಿನ ಮೇಲಿದ್ದರು. ನಿಂತು ಪಾಠ ಮಾಡುವಾಗ ಸೊಂಟ ಹಿಡಿಯುತ್ತದೆಂದು ಮೇಷ್ಟ್ರು ಎಂದಿನಂತೆ ತಮ್ಮ ಡಬ್ಬ ಬಿಚ್ಚಿ ಮೇಜಿನ ಮೇಲಿಟ್ಟರು. ಬೀರುವಿನಿಂದ ಪಾಠದ ಡಬ್ಬ ತೆಗೆದರು. ಮುಚ್ಚಳ ಎಂದಿಗಿಂತ ಬಿಗಿಯಾಗಿತ್ತು. ತುಕ್ಕು ಹಿಡಿದಿರಬೇಕು ಅಂದುಕೊಂಡು ಬಲವಾಗಿ ಕಿತ್ತರು. “ನಿಜದ್ದಾದ್ರೆ ಕೈ ಸುಡೋ ಹಾಗೆ ಬಿಸಿ ಆಗುತ್ತೆ. ಬಿಸಿ ಅಂತ ಬಿಸಾಕೀರ ಜೋಕೆ, ನಿಮ್ಮ ಮನೆಯೋರು ಬಂದು ನನ್ನ ಜುಟ್ಟು ಹಿಡೀತಾರೆ” ಎಂದು ತಮ್ಮ ಬೋಳು ತಲೆ ಸವರಿಕೊಂಡರು. ಎಲ್ಲರೂ ನಕ್ಕರು. ಮೇಷ್ಟ್ರು ಕೊಳವೆ ಕಚ್ಚಿ ಉಸಿರೆಳೆದು ಬಿಟ್ಟರು.

ಅಂಗೈ ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು.

ಮರಳು ಬಿಸಿಯಾಗುವುದಿಲ್ಲ. ಮದ್ದಿನ ಡಬ್ಬ ಇಲ್ಲಿದ್ದರೆ ಮರಳಿನದು ಎಲ್ಲಿ? ಯಾರದೋ ಸೊಂಟದಲ್ಲಿ, ನೆಲದ ಕೆಳಗೆ. ಬೆಳಗಿನ ಪಾಳಿಯಲ್ಲಿ ಇಪ್ಪತ್ತಾರು ಜನ ಇಳಿದಿದ್ದರು. ಅವರಲ್ಲಿ ಮೇಷ್ಟ್ರ ಅಳಿಯನೂ ಇದ್ದ. ಗಣಿ ಬೇಡವೆಂದು ಹಟ ಹಿಡಿದ ಮಗಳಿಗೆ, “ನಾನಿದೀನಲ್ಲವ್ವ” ಎಂದು ಮಾತು ಕೊಟ್ಟು ಅವನನ್ನು ಕೆಲಸಕ್ಕೆ ಸೇರಿಸಿದ್ದವರು ಇದೇ ಮೇಷ್ಟ್ರು.

ಅವರು ಮೇಜಿನ ಮೇಲಿದ್ದ ತಮ್ಮ ಡಬ್ಬವನ್ನು ಸೊಂಟಕ್ಕೆ ಬಿಗಿದುಕೊಂಡು ಹೊರಗೋಡಿದರು. ಲಿಫ್ಟಿನ ಬಳಿಯಿದ್ದ ಫೋನು ಹಿಡಿದು ಕೆಳಗಿನವರಿಗೆ, ಎಲ್ಲರನ್ನೂ ಮೇಲೆ ಕಳಿಸಿ ಎಂದರು.

ಲಿಫ್ಟು ಏಳು ಸಲ ಬಂತು. ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಡಬ್ಬ ತಿರುಗಿಸಿ ನೋಡಿದರು. ನಂಬರು. ನಂಬರು. ಮತ್ತೆ ನಂಬರು. ಒಂದೊಂದು ತಳ ನೋಡಿದಾಗಲೂ ಸಮಾಧಾನಕ್ಕೆ ಬದಲು ಅಳಿಯನ ಮುಖ ಇನ್ನಷ್ಟು ಹತ್ತಿರ ಬರುತ್ತಿತ್ತು. ಅವನು ಕೊನೆಯ ಲಿಫ್ಟಿನಲ್ಲಿ ಬಂದ. ಮೇಷ್ಟ್ರು ಕೈ ಚಾಚುವ ಮೊದಲೇ ತಾನೇ ಡಬ್ಬ ಬಿಚ್ಚಿ ತಿರುಗಿಸಿ ಹಿಡಿದ. ನಂಬರು ಸ್ಪಷ್ಟವಾಗಿತ್ತು.

ಇಪ್ಪತ್ತಾರೂ ಸರಿ. ಮರಳಿನ ಡಬ್ಬ ಯಾರಲ್ಲೂ ಇರಲಿಲ್ಲ. ಅಳಿಯ ಅವರ ಸೊಂಟವನ್ನೇ ನೋಡುತ್ತಿದ್ದ.

“ಮಾವ, ನಿಮ್ದು ನೋಡ್ಕೊಂಡ್ರಾ?”

ಮೇಷ್ಟ್ರು ತಮ್ಮ ಡಬ್ಬ ತಿರುಗಿಸಿದರು. ತಳ ಬೋಳಾಗಿತ್ತು.

ಹಿಂದಿನ ಪಾಠ ಮುಗಿದು ಹನ್ನೊಂದು ದಿನ. ಅಂದು ಮೇಜಿನ ಮೇಲೆ ಎರಡೂ ಅಕ್ಕಪಕ್ಕ ಇದ್ದವು. ಬೀರುವಿನಲ್ಲಿ ತಮ್ಮದನ್ನಿಟ್ಟು ಸೊಂಟಕ್ಕೆ ಮರಳು ಕಟ್ಟಿಕೊಂಡಿದ್ದರು. ಆಮೇಲೆ ನಾಲ್ಕು ಸಲ ಗಣಿಗೆ ಇಳಿದಿದ್ದರು. ಮೊನ್ನೆ ಹಳೆಯ ಸುರಂಗದಲ್ಲಿ ಗಾಳಿ ಕೆಟ್ಟಿದೆಯೇ ಎಂದು ನೋಡಲು ಎಲ್ಲರಿಗಿಂತ ಮುಂದೆ ಹೋಗಿ ನಿಂತವರೂ ಅವರೇ. ಯಾವ ದೇವರ ಕೈ ತಮ್ಮನ್ನು ಕಾಯಿತೆಂದು ತಿಳಿಯದೆ ಮೇಷ್ಟ್ರು ಅಲ್ಲೇ ಕಲ್ಲಿನ ಮೇಲೆ ಕೂತರು. ಅಳಿಯ ನೀರು ಕೊಟ್ಟ. ಅರ್ಧ ಒಳಗೆ ಹೋಯಿತು, ಅರ್ಧ ಅಂಗಿಯ ಮೇಲೆ.

ತುಸು ಹೊತ್ತಿನ ಮೇಲೆ ಎದ್ದು ತಗಡಿನ ಕೋಣೆಗೆ ಹಿಂದಿರುಗಿದರು. ಒಂಬತ್ತು ಮಂದಿ ಕೂತಲ್ಲೇ ಕೂತಿದ್ದರು. ಮೇಜಿನ ಮೇಲಿನ ಡಬ್ಬ ಇನ್ನೂ ಬೆಚ್ಚಗಿತ್ತು. ಮೇಷ್ಟ್ರು ಬೋಳು ತಳ ಕಾಣುವಂತೆ ಇನ್ನೊಂದನ್ನು ಅದರ ಪಕ್ಕದಲ್ಲಿ ಮಗುಚಿಟ್ಟರು.

“ಹನ್ನೊಂದು ದಿನ ಇದನ್ನ ಕಟ್ಕೊಂಡು ಓಡಾಡಿದೀನಿ” ಅಂದರು. “ನಾನು ನೋಡ್ಲಿಲ್ಲ.”

ಯಾರೂ ನಗಲಿಲ್ಲ.