ಬೀಗ ಹಿಡಿದು ಕೂತವಳು

ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿದೆ, ಬೆರಳಲ್ಲಿ ಸರಿಸಿದರೆ ಸುಕ್ಕಾಗಿ ಲೋಟದ ಅಂಚಿಗೆ ಅಂಟುತ್ತದೆ, ಕುಡಿಯಲೋ ಚೆಲ್ಲಲೋ ಎಂದು ಯೋಚಿಸುವ ತ್ರಾಣವೂ ಅವಳಲ್ಲಿ ಉಳಿದಿಲ್ಲ, ಅವಳು ನೋಡಿಕೊಳ್ಳುವ, ಇಡೀ ಆಸ್ಪತ್ರೆಯ ದಾಖಲೆ ಹೊತ್ತ ಸರ್ವರ್ ಬೆಳಿಗ್ಗೆಯಿಂದ ತೆವಳುತ್ತಿದೆ, ಔಷಧಿ ಕೌಂಟರಿನಲ್ಲಿ ಬಿಲ್ಲು ಬರುತ್ತಿಲ್ಲ, ಲ್ಯಾಬಿನ ವರದಿ ತೆರೆಯುತ್ತಿಲ್ಲ, ಗಾಜಿನಾಚೆ ಹಾಲ್‌ನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿದ್ದಾರೆ — ಒಬ್ಬ ಮುದುಕ ಟೋಕನ್ನನ್ನು ತಿರುವಿ ತಿರುವಿ ನೋಡುತ್ತಾನೆ, ಹಿಂಬದಿಯಲ್ಲಾದರೂ ತನ್ನ ಸರದಿ ಬಂದಿದೆಯೇನೋ ಎಂಬಂತೆ. ಪ್ರೊಸೆಸರ್ ನೋಡಿದಳು, ಆರಾಮಾಗಿದೆ, ಡಿಸ್ಕಿನಲ್ಲಿ ಬೇಕಾದಷ್ಟು ಜಾಗ, ಮೆಮೊರಿಗೂ ದಾಡಿಯಿಲ್ಲ, ಮೈಯೆಲ್ಲ ನೆಟ್ಟಗಿದ್ದೂ ಏಳಲೊಲ್ಲದ ಮಗುವಿನ ಹಾಗೆ, ಅವಳೂ ಹಾಗೇ ಮಲಗಿರುತ್ತಿದ್ದಳಲ್ಲ, ಅಮ್ಮ ಹೊದಿಕೆ ಎಳೆದು, ಜ್ವರ ಇಲ್ಲ ಏನಿಲ್ಲ ಏಳೇ ಸೋಮಾರಿ, ಆ ಅಮ್ಮನೇ ಈಗ ಫೋನಿನಲ್ಲಿ, ಊಟ ಆಯ್ತೇನೇ, ಇಲ್ಲಮ್ಮ ಮಷೀನು ನಿಂತಿದೆ, ಮಷೀನಿಗಿರೋ ಉಪಚಾರ ನಿನ್ ಹೊಟ್ಟೆಗಿಲ್ವಲ್ಲೇ, ಆಮೇಲೆ ಮಾಡ್ತೀನಮ್ಮ, ಫೋನಿಡು. ಬಾಗಿಲಲ್ಲಿ ಮ್ಯಾನೇಜರ್, ಮುಖ ಕೆಂಪಗೆ, ಮಷೀನೇ ಆರಿಸಿ ಮತ್ತೆ ಹಾಕ್ಬಿಡಿ ಅತ್ಲಾಗೆ, ಬೇಡ ಸರ್, ವಾರ್ಡುಗಳಲ್ಲಿ ಬರೀತಿರೋದೆಲ್ಲ ಹೋಗತ್ತೆ, ಯಾರೋ ಒಬ್ರು ಬೀಗ ಹಿಡ್ಕೊಂಡು ಕೂತಿದಾರೆ, ಮಿಕ್ಕೋರೆಲ್ಲ ಅವರ ಹಿಂದೆ ಕಾಯ್ತಿದಾರೆ — ಒಬ್ಬರು ಒಂದು ಹಾಸಿಗೆಯ ದಾಖಲೆ ತಿದ್ದಲು ತೆರೆದರೆ ಇಡೀ ಪಟ್ಟಿಗೇ ಬೀಗ ಬೀಳುತ್ತದೆ, ಮುಗಿಸುವ ತನಕ ಉಳಿದವರು ಬಾಯಿ ಮುಚ್ಚಿ ಕಾಯಬೇಕು, ಓಬೀರಾಯನ ಕಾಲದ ಪ್ರೋಗ್ರಾಮು, ಬದಲಿಸೋಣ ಎಂದು ಗಂಟಲು ಹರಿದುಕೊಂಡಿದ್ದಳು, ಮುಂದಿನ ವರ್ಷ ನೋಡೋಣಮ್ಮ ಎಂದಿದ್ದರು ಇದೇ ಮ್ಯಾನೇಜರ್, ಆ ಮುಂದಿನ ವರ್ಷ ಬರಲೇ ಇಲ್ಲ. ಕಾಯುತ್ತಿರುವವರ ಸಾಲು ಹಿಡಿದು ಹಿಂದೆ ಹಿಂದೆ ಹೋದಳು, ಇವನು ಅವನಿಗಾಗಿ, ಅವನು ಇನ್ನೊಬ್ಬನಿಗಾಗಿ, ಎಲ್ಲರ ತುದಿಯಲ್ಲಿ ಒಂದೇ ಕಂಪ್ಯೂಟರು, ಮೂರನೇ ಮಹಡಿ, ಹೆಂಗಸರ ವಾರ್ಡು. ವಾರ್ಡಿಗೆ ಫೋನು ಮಾಡಿದಳು, ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಆ ಕಂಪ್ಯೂಟರಿನ ಸಂಪರ್ಕವನ್ನು ಇಲ್ಲಿಂದಲೇ ಕತ್ತರಿಸಬಹುದು, ಆದರೆ ಅಲ್ಲಿ ಏನು ಬರೆಯುತ್ತಿದ್ದಾರೋ, ಯಾರ ಔಷಧಿಯ ಅಳತೆಯೋ, ಎದ್ದಳು, ಲಿಫ್ಟು ತುಂಬಿತ್ತು, ಮೆಟ್ಟಿಲು ಹತ್ತುವಾಗ ಬೈಗುಳಗಳನ್ನು ಜೋಡಿಸಿಕೊಂಡಳು, ತೆರೆದಿಟ್ಟು ಹರಟೆಗೆ ಹೋಗಿದ್ದಾಳೆ ಮಹಾರಾಯ್ತಿ, ಇವತ್ತು ಬಿಡಬಾರದು.

ಮಹಾರಾಯ್ತಿ ಎಲ್ಲೂ ಹೋಗಿರಲಿಲ್ಲ. ನರ್ಸು ಕಂಪ್ಯೂಟರಿನ ಪರದೆಯ ಮುಂದೆಯೇ ಕೂತಿದ್ದಾಳೆ, ಪಕ್ಕದಲ್ಲಿ ಬರಿದಾದ ಮಂಚ, ಮಡಚಿದ ಹಾಸಿಗೆ, ಪರದೆಯಲ್ಲಿ ಎಲ್ಲ ತುಂಬಿದೆ, ನಿಧನ ಎಂಬುದರ ಮುಂದಿನ ಚೌಕ ಮಾತ್ರ ಖಾಲಿ. ಒತ್ತುತೀನಿ ಮೇಡಂ, ಒತ್ತಕ್ಕೆ ಕೈ ಬರ್ತಿಲ್ಲ, ನಿನ್ನೆ ಈ ಅಜ್ಜಿ ನನ್ ಕೋಟಿನ ಗುಂಡಿ ಹೊಲಿದುಕೊಟ್ರು, ದರ್ಜಿ ಕೆಲಸದೋರು, ಬಿಳಿ ದಾರ ಇಲ್ಲ ಮಗಳೇ ನಾಳೆ ಬಿಚ್ಚಿ ಸರಿಯಾಗಿ ಹಾಕ್ತೀನಿ ಅಂದಿದ್ರು — ಬಿಳಿ ಕೋಟು, ಗುಂಡಿಯ ನಡುವೆ ಹಸಿರು ದಾರದ ಅಡ್ಡಗೆರೆ. ಜೋಡಿಸಿಕೊಂಡ ಬೈಗುಳಗಳೆಲ್ಲ ಎಲ್ಲಿ ಹೋದವೋ, ಕೆಳಗೆ ಜನ ಕಾಯುತ್ತಿದ್ದಾರೆ, ಹೇಳಲೇಬೇಕು, ಸ್ಟೂಲು ಎಳೆದು ಪಕ್ಕದಲ್ಲಿ ಕೂತಳು, ನಾನು ಒತ್ತಲೇನಮ್ಮಾ, ಬೇಡ ಮೇಡಂ, ನಾನೇ, ನೀವು ಸುಮ್ನೆ ಇಲ್ಲೇ ಇರಿ. ಇದ್ದಳು. ನರ್ಸು ಕಣ್ಣು ಮುಚ್ಚಿ ಒತ್ತಿದಳು, ಮೂಲೆಯ ಪ್ರಿಂಟರು ಬಿಕ್ಕಿ ಎದ್ದು ಹಾಳೆ ಉಗುಳತೊಡಗಿತು. ಮೆಟ್ಟಿಲಿಳಿಯುವಾಗ ಮ್ಯಾನೇಜರ್ ಫೋನು, ಭಲೇ, ಓಡ್ತಿದೆ, ಏನಾಗಿತ್ತಮ್ಮಾ, ಏನಿಲ್ಲ ಸರ್, ಒಂದ್ ಕಡೆ ಸಿಕ್ಕಿಕೊಂಡಿತ್ತು, ಫೋನು ಇಟ್ಟಳು, ಊಟ ಮಾಡಬೇಕು, ಅಮ್ಮನಿಗೆ ಫೋನು ಮಾಡಬೇಕು, ಸೂಜಿಗೆ ದಾರ ಪೋಣಿಸಿಕೊಡೇ ಕಣ್ಣು ಕಾಣಲ್ಲ ಅಂದಿದ್ದಳು ಅಮ್ಮ, ಯಾವತ್ತು ಅಂದಿದ್ದು, ಮೊನ್ನೆಯೋ ಅದಕ್ಕೂ ಮುಂಚೆಯೋ, ಆಮೇಲಮ್ಮ, ಆಮೇಲೆ ಎಂದಿದ್ದಳಲ್ಲವೇ ಅವಳು, ನಾಳೆ ಬಿಚ್ಚಿ ಸರಿಯಾಗಿ, ನಾಳೆ, ಬಿಳಿ ಕೋಟು, ಗುಂಡಿ, ಹಸಿರು ದಾರ, ಹಸಿರು ದಾರ —