ಲಗಮಣ್ಣನ ಬ್ಯಾನರಿನ ಖಾಲಿ ಜಾಗ

ಬನಹಟ್ಟಿಯ ನೂಲಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ವೈಶಾಲಿ ಡಿಸೈನ್ ಕ್ಲಾಸು ನಡೆಸುತ್ತಿದ್ದಳು. ಸುತ್ತ ನಾಲ್ಕೂ ಕಡೆ ಮಗ್ಗಗಳ ಗದ್ದಲ. ಹಾಗಾಗಿ ಅವಳು ಪಾಠ ಹೇಳುತ್ತಿರಲಿಲ್ಲ, ಕೂಗುತ್ತಿದ್ದಳು. ಕೂಗಿ ಹೇಳಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ ಎಂದು ನಂಬಿದ್ದಳು. ಪೂನಮ್ ಎಂಬ ಹುಡುಗಿಯ ತಲೆಯಲ್ಲಂತೂ ಅದು ಅಗತ್ಯಕ್ಕಿಂತ ಗಟ್ಟಿಯಾಗಿಯೇ ಕೂತುಬಿಟ್ಟಿತು.

ಪೂನಮ್ ಸಾವಳಗಿಯಿಂದ ಬರುತ್ತಿದ್ದಳು, ಜಮಖಂಡಿಯಲ್ಲಿ ಬಸ್ಸು ಬದಲಿಸಿ. ಉಳಿದವರು ಕಂಪ್ಯೂಟರಿನ ಕೈಚಳಕ ಕಲಿಯುತ್ತಿದ್ದರೆ ಇವಳ ಕೈಯ ಗುಣವೇ ಬೇರೆಯಾಗಿತ್ತು. ಟ್ಯಾಬಿನ ಮೇಲೆ ಎರಡು ಗೆರೆ ಎಳೆದರೆ ಸಿಟ್ಟಾದ ಕುರಿ ಎದ್ದು ನಿಲ್ಲುತ್ತಿತ್ತು. ಇಂಥ ಶಿಷ್ಯೆ ಮತ್ತೆ ಸಿಗುವುದಿಲ್ಲ ಎಂದು ವೈಶಾಲಿಗೆ ಗೊತ್ತಿತ್ತು. ಅದಕ್ಕೇ ಪೂನಮಳ ಅಪ್ಪ ಮುತ್ತಣ್ಣ ಒಂದು ದಿನ ಮೆಟ್ಟಿಲು ಹತ್ತಿ ಬಂದು ಕೂತಾಗ ಕ್ಲಾಸು ಬಿಡಿಸಲು ಬಂದನೇನೋ ಎಂದು ಅವಳು ಹೆದರಿದಳು.

"ಹುಡುಗಿ ದಿನಾ ಬಸ್ ಹತ್ತಿ ಬರತಾಳ್ರಿ ಮೇಡಮ್ಮಾರ. ಏನ್ ಕಲಿತಾಳ ಅನ್ನೂದು ನಮಗ ಕಾಣವಲ್ದು," ಎಂದ ಮುತ್ತಣ್ಣ. "ನಮ್ಮಣ್ಣ ಲಗಮಣ್ಣನ ಹುಟ್ಟಿದ ಹಬ್ಬ ಬಂದೈತಿ. ಬಸ್ ಸ್ಟ್ಯಾಂಡಿನ ಬ್ಯಾನರ್ ಈಕಿನ ಮಾಡ್ಲಿ. ಮಂದಿ ಛಲೋ ಅಂದ್ರ ಮುಂದ ಕಲೀಲಿ. ಇಲ್ಲಂದ್ರ ಸಾಕ್ ಮಾಡೂಣು."

ಆ ಕಡೆಯ ಹುಟ್ಟುಹಬ್ಬದ ಬ್ಯಾನರಿನಲ್ಲಿ ಅಂಗೈಯಗಲ ಜಾಗ ಖಾಲಿ ಬಿಟ್ಟರೂ ಅವಮಾನ. ನಡುವೆ ಹುಟ್ಟುಹಬ್ಬದ ಯಜಮಾನರು, ಬೆನ್ನ ಹಿಂದೆ ಎಲ್ಲಿಂದಲೋ ಎತ್ತಿ ತಂದ ಸಿಂಹ, ತಲೆಯ ಮೇಲೆ ಯಾರದೋ ಚಿತ್ರದಿಂದ ಕತ್ತರಿಸಿದ ಕಿರೀಟ, ಕೆಳಗೆ ಶುಭ ಕೋರುವವರ ಮುಖಗಳು, ಸಂತೆಯ ಬದನೆಕಾಯಿಯಂತೆ ಒತ್ತೊತ್ತಾಗಿ. ವೈಶಾಲಿ ಗಂಟಲು ಹರಿದುಕೊಂಡಿದ್ದೇ ಇದರ ವಿರುದ್ಧ. "ಖಾಲಿ ಜಾಗಾನೂ ಡಿಸೈನ್ ಐತಿ, ಅದಕ್ಕ ಹೆದರಬ್ಯಾಡ್ರಿ. ಇಂಟರ್‌ನೆಟ್ಟಿನ್ಯಾಗ ಸಿಕ್ಕದ್ದು ನಿಮ್ಮದಲ್ಲ, ಅದನ್ನ ಬರದಾವ್ರದು. ಮಂದಿ ಫೋಟೋ ಹಾಕೂದಾದ್ರ ಮೊದಲ ಅವ್ರನ್ನ ಕೇಳ್ರಿ."

ಪೂನಮ್ ಇದನ್ನು ಅಕ್ಷರಶಃ ಪಾಲಿಸಿದಳು. ದೊಡ್ಡಪ್ಪನನ್ನು ಕೂರಿಸಿಕೊಂಡು ತಾನೇ ಅವನ ಚಿತ್ರ ಬರೆದಳು. ಹೆಗಲ ಮೇಲೆ ಕಂಬಳಿ, ಕಾಲ ಬಳಿ ಕುರಿಮರಿ, ತುಟಿಯ ಮೇಲೆ ಮುಚ್ಚಿಟ್ಟರೂ ಹೊರಬೀಳುವ ಅವನದೇ ನಗು. ಆಮೇಲೆ ಶುಭ ಕೋರುವವರ ಒಪ್ಪಿಗೆ ಕೇಳಲು ಮನೆಮನೆಗೆ ಹೋದಳು. ಯಾರೂ ಬೇಡವೆನ್ನಲಿಲ್ಲ. ಆದರೆ ಲಗಮಣ್ಣನ ಗೆಳೆಯ ಮಾಳು, "ಹಾಕವಾ, ಕಾಮಣ್ಣನ ಕೆಳಗ ಮಾತ್ರ ಬ್ಯಾಡ," ಎಂದ. ಇನ್ನೊಬ್ಬ ಗೆಳೆಯ ಕಾಮಣ್ಣ, "ಹಾಕವಾ, ಮಾಳುನ ಬಾಜೂಕ ಬ್ಯಾಡ," ಎಂದ. ಉಳಿದವರದೂ ಇಂಥದೇ ಷರತ್ತು. ಊರೆಲ್ಲ ಸುತ್ತಿದ ಮೇಲೆ ಪೂನಮ್ ಒಬ್ಬರನ್ನೂ ಹಾಕದೆ ಅರ್ಧ ಬ್ಯಾನರನ್ನು ದೇವರ ಭಂಡಾರದ ಅರಿಶಿನ ಹಳದಿ ಬಣ್ಣಕ್ಕೆ ಬಿಟ್ಟುಬಿಟ್ಟಳು. ವೈಶಾಲಿ ಅದನ್ನು ನೋಡಿ ಹಿರಿಹಿರಿ ಹಿಗ್ಗಿ, ತಾನೇ ಜಮಖಂಡಿಯಲ್ಲಿ ಪ್ರಿಂಟ್ ಹಾಕಿಸಿಕೊಟ್ಟಳು.

ಹುಟ್ಟುಹಬ್ಬದ ಮಧ್ಯಾಹ್ನ ಮುತ್ತಣ್ಣನ ಫೋನು ಬಂತು. "ಮೇಡಮ್ಮಾರ, ಒಮ್ಮೆ ಬಂದು ನೋಡಿ ಹೋಗ್ರಿ," ಎಂದನಷ್ಟೇ. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ವೈಶಾಲಿಗೆ ಅದೇ ಭಯ ಹುಟ್ಟಿಸಿತು. ಸ್ಕೂಟಿ ಹತ್ತಿ ಹೊರಟಳು.

ಸಾವಳಗಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರಿಗಿಂತ ಬ್ಯಾನರು ನೋಡುವವರೇ ಹೆಚ್ಚಿದ್ದರು. ಆದದ್ದು ಇಷ್ಟು. ಬೆಳಿಗ್ಗೆ ಜನ ಹಳದಿ ಜಾಗ ನೋಡಿದ್ದಾರೆ. ಖಾಲಿ ಜಾಗವನ್ನು ಬೇಕೆಂದೇ ಬಿಡುತ್ತಾರೆ ಎಂದು ಆ ಊರಲ್ಲಿ ಯಾರು ನಂಬಬೇಕು? ಇಲ್ಲಿ ಯಾರದೋ ಫೋಟೋ ಇತ್ತು, ಲಗಮಣ್ಣ ಕಡೇ ಗಳಿಗೆಯಲ್ಲಿ ತೆಗೆಸಿದ್ದಾನೆ ಎಂದು ಸುದ್ದಿಯಾಯಿತು. ತೆಗೆಸಿದ್ದು ತನ್ನದೇ ಎಂದು ಪ್ರತಿಯೊಬ್ಬನಿಗೂ ಖಾತ್ರಿಯಾಯಿತು. ಮೊದಲು ಕಾಮಣ್ಣ ಪಾಸ್‌ಪೋರ್ಟ್ ಸೈಜಿನ ಫೋಟೋ ಮತ್ತು ಗೋಂದು ಹಿಡಿದು ಬಂದ. ಅವನು ಹಚ್ಚಿದ ಮೇಲೆ ಮಾಳು ಸುಮ್ಮನಿರುತ್ತಾನೆಯೇ? ವೈಶಾಲಿ ಹೋಗಿ ನಿಲ್ಲುವ ಹೊತ್ತಿಗೆ ಹಳದಿ ತುಂಬಿ, ಮುಖಗಳು ಲಗಮಣ್ಣನ ಕಂಬಳಿಯನ್ನೂ ಹತ್ತಿದ್ದವು.

"ಇದನ್ನ ಕಲಿಸಿದ್ರೇನ್ರಿ?" ಎಂದ ಮುತ್ತಣ್ಣ. "ಅರ್ಧಾ ಮಾಡಿ ಬಿಟ್ಟಾಳ. ಉಳದದ್ದು ಊರ ಮಂದಿ ಮುಗಸೂದಾತು. ನಾಳಿಂದ ಕ್ಲಾಸು ಸಾಕು."

ತಪ್ಪು ತನ್ನದು, ಶಿಕ್ಷೆ ಹುಡುಗಿಗೆ ಎಂದು ವೈಶಾಲಿಗೆ ಅನಿಸಿತು. ಅಷ್ಟರಲ್ಲಿ ಕೊರಳಲ್ಲಿ ಹಾರ ಹಾಕಿಕೊಂಡೇ ಲಗಮಣ್ಣ ಬಂದ. ಜನ ದಾರಿ ಬಿಟ್ಟರು. ಆ ದಾರಿಯಲ್ಲಿ ಅವನಿಗಿಂತ ಮೊದಲು, ಗುಂಪಿನ ಹಿಂದೆ ನಿಂತಿದ್ದ ಪೂನಮ್ ನಡೆದು ಬ್ಯಾನರಿನ ಮುಂದೆ ನಿಂತಳು.

"ಈ ಚಿತ್ರಾ ನಾ ಬರದದ್ದು," ಎಂದಳು. "ನಿಮ್ಮ ಫೋಟೋ ಹಾಕೂದಕ್ಕ ನಾ ನಿಮ್ಮ ಮನೀ ತನಕ ಬಂದು ಕೇಳೇನಿ. ನನ್ನ ಚಿತ್ರದ ಮ್ಯಾಲ ಹಚ್ಚೂ ಮುಂದ ನೀವ್ಯಾರೂ ನನ್ನ ಕೇಳಲಿಲ್ಲ."

ಹಿರಿಯರೆದುರು ಹುಡುಗಿಯ ಈ ಮಾತಿಗೆ ಏನಾಗುವುದೋ ಎಂದು ವೈಶಾಲಿ ಲಗಮಣ್ಣನ ಮುಖ ನೋಡಿದಳು. ಲಗಮಣ್ಣ ಬ್ಯಾನರಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ.

"ಖರೆ ಐತಲ್ಲೋ," ಎಂದ. "ಏ ಕಾಮಣ್ಣ, ಕುರಿಮರಿ ಮಾರಿ ಮ್ಯಾಲ ನಿನ್ನ ಮಾರಿ ಹಚ್ಚೀದಿ. ಮರಿ ಪಾಪ ಏನ್ ಮಾಡಿತ್ತು? ತಗಿ ಅದನ್ನ."

ನಗೆಯೆದ್ದಿತು. ಕಾಮಣ್ಣ ಫೋಟೋ ಕಿತ್ತು, ಅದರ ಬೆನ್ನು ಉಜ್ಜುತ್ತ, "ಈಗ ಕೇಳತೇನಿ ನೋಡವಾ. ಹಚ್ಚಲೇನು?" ಎಂದ. ಪೂನಮ್ ಕೆಳಗಿನ ಮೂಲೆ ತೋರಿಸಿದಳು. ಮಾಳುವಿಗೆ ಮೇಲಿನ ಮೂಲೆ. ಆಮೇಲೆ ಒಬ್ಬೊಬ್ಬರೂ ತಮ್ಮ ಫೋಟೋ ಕಿತ್ತುಕೊಂಡು ಬಂದು ಕೇಳತೊಡಗಿದರು. ಎಳೆ ಹುಡುಗಿಯ ಮುಂದೆ ಮೀಸೆಯವರೆಲ್ಲ ಸಾಲಾಗಿ ನಿಂತರು. ಮುದುಕಿ ಪದ್ಮವ್ವ ರೇಷನ್ ಕಾರ್ಡಿನ ಫೋಟೋ ತಂದು, "ಬರೇ ಗಂಡಸರ ಮಾರಿ ನೋಡಿ ಸಾಕಾಗೇತಿ, ನಂದೂ ಒಂದ್ ಇರ್ಲಿ ಬೇ," ಎಂದಳು. ಅಂಚಿನ ಸುತ್ತ ಮುಖಗಳು ಸಣ್ಣಗೆ ಕೂತವು. ನಡುವಿನ ಹಳದಿ ಮತ್ತೆ ತೆರೆದುಕೊಂಡಿತು. ತಾನು ಹೇಳಿಕೊಡದ ಡಿಸೈನು ಅದು ಎಂದು ವೈಶಾಲಿಗೆ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಎಲ್ಲರದೂ ಮುಗಿದ ಮೇಲೆ ಮುತ್ತಣ್ಣ ಅಂಗಿಯ ಜೇಬಿನಿಂದ ಒಂದು ಫೋಟೋ ತೆಗೆದ. ಮನೆಯಲ್ಲಿ ಅವನು ಹೇಳಿದ್ದನ್ನು ಕೇಳಿದವರುಂಟೇ ಹೊರತು ಅವನು ಯಾರನ್ನೂ ಏನನ್ನೂ ಕೇಳಿದ್ದು ಕಂಡವರಿಲ್ಲ.

"ನಂದೊಂದು ಹಚ್ಚಲೇನವಾ?" ಎಂದ, ಬೇರೆ ಕಡೆ ನೋಡುತ್ತ.

ಪೂನಮ್ ಫೋಟೋ ಈಸಿಕೊಂಡು ಬಹಳ ಹೊತ್ತು ನೋಡಿದಳು. "ಬ್ಯಾಡಪ್ಪಾ," ಎಂದಳು. ಮುತ್ತಣ್ಣನ ಮುಖ ಸಪ್ಪಗಾಯಿತು. "ಇದು ನನ್ನ ಕಡೆ ಇರ್ಲಿ. ನಾಳಿ ಕ್ಲಾಸಿಗೆ ಹೋಗಿ ನಿನ್ನ ಚಿತ್ರಾ ಬರೀತೇನಿ. ನೀ ಹೂಂ ಅಂದ್ರ."

ಮುತ್ತಣ್ಣ ವೈಶಾಲಿಯ ಕಡೆ ನೋಡಿದ, ಅಣ್ಣನ ಕಡೆ ನೋಡಿದ, ಕಡೆಗೆ ಮಗಳ ಕಡೆ ನೋಡಿದ.

"ಹೂಂ," ಎಂದ. "ಮೀಸಿ ಒಂದೀಟು ದಪ್ಪ ಬರಿ."