ಉಸಿರು ಸಿಕ್ಕದ ಹಾಡು

ಧನಶ್ರೀಯ ಮೊದಲ ರ‍್ಯಾಪ್ ಆಲ್ಬಮ್ 'ಮನಿ ಸಪ್ಪಳ' ಬಿಡುಗಡೆಯಾದಾಗ ಅದನ್ನು ಯಾರಾದರೂ ಕೇಳುತ್ತಾರೆಂಬ ನಂಬಿಕೆ ಅವಳಿಗೇ ಇರಲಿಲ್ಲ. ಯಾವ ಕಂಪನಿಯ ಹಂಗೂ ಇಲ್ಲದೆ, ರಾಯಾಪುರದ ಟೈರ್ ಅಂಗಡಿಯೊಂದರ ಮೇಲಿರುವ ಗೆಳೆಯ ಶಾಬುದ್ದೀನನ ಪುಟ್ಟ ಸ್ಟುಡಿಯೊದಲ್ಲಿ, ಕೆಳಗೆ ಗಾಳಿ ಹಾಕುವ ಯಂತ್ರ ಸುಮ್ಮನಾದಾಗಲೆಲ್ಲ ಒಂದೊಂದು ಸಾಲು ಹಿಡಿದು ಮಾಡಿದ ಆಲ್ಬಮ್ ಅದು. ಬೀಟು ಅವನದು, ಮಾತು ಇವಳದು.

ಆದರೆ ವಾರದೊಳಗೆ ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಅರ್ಧ ಪುಟದ ವಿಮರ್ಶೆ ಬಂತು. ಬಾಯಿತುಂಬ ಹೊಗಳಿದ್ದರು. 'ಧಾರವಾಡದ ಸಂಗೀತದ ಮನೆಯಿಂದ ಎದ್ದ ಬಂಡಾಯ' ಎಂದು ಶೀರ್ಷಿಕೆ. ನಾಲ್ಕನೆಯ ಹಾಡಿನ ಸಾಲೊಂದನ್ನು ದಪ್ಪಕ್ಷರದಲ್ಲಿ ಕೊಟ್ಟಿದ್ದರು: 'ನಿನ್ನ ಷಡ್ಜದಾಗ ನನ್ನ ಉಸಿರು ಸಿಕ್ಕದ.' ತಂದೆಯ ಸ್ವರದಲ್ಲಿ ಸಿಕ್ಕಿಬಿದ್ದು ಉಸಿರುಗಟ್ಟಿದ ಮಗಳ ಕೂಗು ಇದು ಎಂದು ವಿವರಿಸಿದ್ದರು.

ಹಿಗ್ಗಬೇಕೋ ಬೇಡವೋ ತಿಳಿಯದೆ ಧನಶ್ರೀ ಪತ್ರಿಕೆ ಮಡಚಿಟ್ಟಳು. ತಂದೆ ಪಂಢರಿನಾಥರು ಸಪ್ತಾಪುರದ ಮನೆಯಲ್ಲೇ ಬಹಳ ವರ್ಷಗಳಿಂದ ಹಾಡು ಕಲಿಸುತ್ತಿದ್ದವರು. ಅವಳಿಗೂ ಕಲಿಸಿದ್ದರು, ಅವಳು ಬಿಟ್ಟಾಗ ಯಾಕೆಂದು ಕೇಳಿರಲಿಲ್ಲ. ಆಲ್ಬಮ್ಮನ್ನು ಅವರಿನ್ನೂ ಕೇಳಿರಲಿಲ್ಲ. ವಿಮರ್ಶೆಯನ್ನು ಮಾತ್ರ ಶಿಷ್ಯರು ಯಾರೋ ಅವರ ಫೋನಿಗೆ ಕಳಿಸಿದ್ದರು.

ಮರುದಿನ ಬೆಳಿಗ್ಗೆ ಹಾಡಿನ ರಿಯಾಜಿಗೆ ಕೂತ ಪಂಢರಿನಾಥರು ಮತ್ತೆ ಎದ್ದು ಕೋಣೆಯ ಬಾಗಿಲು ಮುಚ್ಚಿಕೊಂಡರು. ಆ ಮನೆಯಲ್ಲಿ ಹಾಗೆಂದೂ ಆಗಿರಲಿಲ್ಲ. ಧನಶ್ರೀ ಚಹಾ ಹಿಡಿದು ಒಳಗೆ ಹೋದಳು.

"ಬಾಗಲಾ ಯಾಕ ಹಾಕ್ಕೊಂಡ್ರಿ ಅಪ್ಪಾ?"

"ನಿನಗ ತ್ರಾಸ ಆಗಬಾರದಂತ," ಎಂದರು ಅವರು, ತಂಬೂರಿಯ ಕಡೆ ನೋಡುತ್ತ. "ಇಷ್ಟು ವರ್ಷ ನಾ ವಿಚಾರನ ಮಾಡಿರಲಿಲ್ಲ ನೋಡು."

"ಹಂಗಲ್ರಿ ಅದು" ಎಂದಳು. ಹಾಗಲ್ಲದಿದ್ದರೆ ಹೇಗೆ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಚಹಾ ಅಲ್ಲಿಟ್ಟು ಹೊರಬಂದಳು.

ಗಾಡಿ ಹತ್ತಿ ನೇರ ರಾಯಾಪುರಕ್ಕೆ ಬಂದಳು. "ಶಾಬು, ಆ ಸಾಲು ಬರದಾಗ ನಾ ನಿನಗ ಏನಂತ ಹೇಳಿದ್ದೆ?"

"ಏನೂ ಹೇಳಿದ್ದಿಲ್ಲ. ಸಿಕ್ಕದ ಅಂದ್ರ ಬೀಟಿಗೆ ಬರೋಬ್ಬರಿ ಕುಂಡ್ರತೈತಿ ಅಂದಿ, ಇಟ್ವಿ. ನಿನಗ ದಮ್ಮಿನ ತ್ರಾಸ ಐತಿ ಅಂತ ತಿಳ್ಕೊಂಡಿದ್ದೆ ನಾ." ಅವನು ನಗಲಿಲ್ಲ, ಫೋನು ಮುಂದೆ ಹಿಡಿದ. "ಇದನ್ನ ನೋಡಿಯೇನ?"

ಮುಂಬೈಯ ಸಂಗೀತದ ಜಾಲತಾಣವೊಂದು ಆಲ್ಬಮ್ಮನ್ನು ಚೆನ್ನಾಗಿ ಝಾಡಿಸಿತ್ತು. ಹಿಪ್ ಹಾಪ್‌ಗೆ ಬೇಕಾದ ಸಿಟ್ಟೇ ಇದರಲ್ಲಿಲ್ಲ, ಇದು ತಂದೆಗೆ ಭಕ್ತಿಯಿಂದ ಬೆಳಗಿದ ಆರತಿ ಎಂದು. ಸಾಕ್ಷಿಗೆ ಅದೇ ಸಾಲು! ತಂದೆಯ ಸ್ವರದಲ್ಲಿ ತನಗೆ ಉಸಿರು ದೊರಕಿತು ಎನ್ನುತ್ತಾಳೆ ಎಂದು ಅರ್ಥ ಬೇರೆ ಬಿಡಿಸಿತ್ತು.

ಬೈದ ವಿಮರ್ಶೆಯನ್ನು ಪ್ರಸಾದದಂತೆ ಹಿಡಿದುಕೊಂಡು ಧನಶ್ರೀ ಮನೆಗೆ ಧಾವಿಸಿದಳು. ಪಂಢರಿನಾಥರು ಮೂಗಿನ ಮೇಲೆ ಚಾಳೀಸು ಏರಿಸಿ ನಿಧಾನಕ್ಕೆ ಓದಿದರು.

"ಅವರು ಹಂಗಂತಾರ, ಇವರು ಹಿಂಗಂತಾರ. ಖರೇ ಯಾವ್ದು?"

ಸಿಕ್ಕದ, ಅಂದರೆ ಸಿಕ್ಕಿದೆ. ಸಿಕ್ಕಿದೆ ಎಂದರೆ ದೊರಕಿದೆ. ಸಿಕ್ಕಿದೆ ಎಂದರೆ ಸಿಲುಕಿದೆ. ಆ ಸಾಲು ಹೊಳೆದ ದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಳಗೆ ಅಪ್ಪ ಷಡ್ಜ ಹಿಡಿದಿದ್ದರು. ಅದು ಮುಗಿಯುವವರೆಗೂ ಒದ್ದೆ ಸೀರೆ ಕೈಯಲ್ಲಿ ಹಿಡಿದು ತಾನೂ ಉಸಿರು ಬಿಗಿಹಿಡಿದು ನಿಂತದ್ದು ನೆನಪಿದೆ. ಅದು ಸುಖವಾಗಿತ್ತೋ ಹಿಂಸೆಯಾಗಿತ್ತೋ, ಅದೊಂದು ನೆನಪಿಲ್ಲ.

"ಗೊತ್ತಿಲ್ರಿ ಅಪ್ಪಾ. ಖರೇನ ಗೊತ್ತಿಲ್ಲ."

ಅವರು ಚಾಳೀಸು ತೆಗೆದಿಟ್ಟರು. "ಹಂಗಾರ ಹಚ್ಚು. ಕೇಳೂಣು."

ಧನಶ್ರೀ ಮೊದಲಿನಿಂದ ಹಚ್ಚಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ಆ ಸಾಲು ಬಂತು, ಹೋಯಿತು. ಅವರ ಮುಖದಿಂದ ಏನೂ ತಿಳಿಯಲಿಲ್ಲ.

"ಸಿಟ್ಟಿದ್ರ ಇರಲಿ," ಎಂದರು, ಕಣ್ಣು ತೆರೆಯದೆ. "ಆದ್ರ ಪೇಪರಿನವರಕಿಂತ ಮೊದಲ ನನಗ ಹೇಳು."

"ನನಗ ತಿಳದ ದಿನ ಹೇಳ್ತೀನ್ರಿ."

ಅವರು ತಲೆಯಾಡಿಸಿದರು. ಅಷ್ಟರಲ್ಲಿ ಐದನೆಯ ಹಾಡು ಶುರುವಾಗಿತ್ತು. ಪಂಢರಿನಾಥರು ತೊಡೆಯ ಮೇಲೆ ತಾಳ ಹಾಕಲು ಹೋಗಿ, ತಾಳದ ಮೊದಲ ಪೆಟ್ಟು ಸಮ ಎಲ್ಲಿ ಬೀಳುತ್ತದೆಂದು ಗೊತ್ತಾಗದೆ, ಕೈ ಎತ್ತಿ ಹಿಡಿದು ಕಾಯುತ್ತ ಕೂತರು.